ರಾತ್ರಿ ಉಳಿದ ಹಿಟ್ಟು

ನಾನು ಬೆಳೆದ ಬಾಗಲಕೋಟೆಯ ಮನೆಯಲ್ಲಿ ಹೊತ್ತು ತಿಳಿಯಲು ಗಡಿಯಾರ ನೋಡುತ್ತಿರಲಿಲ್ಲ, ಅವ್ವನ ಕೈ ಕೇಳುತ್ತಿದ್ದೆವು. ಬೆಳಗಿನ ಜಾವ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾದರೆ ಏಳಬೇಕು. ಸದ್ದು ನಿಲ್ಲುವುದರೊಳಗೆ ಹಾಸಿಗೆ ಮಡಿಚಿ, ಮುಖ ತೊಳೆದು, ಜಡೆ ಹಾಕಿಕೊಂಡು, ಅಡುಗೆಮನೆಯ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕುಳಿತಿರಬೇಕು. ಹೊಸ್ತಿಲು ನನ್ನ ಜಾಗ. ಅದರ ಆಚೆ ಅವ್ವನ ಜಾಗ: ಒಲೆ, ಕಪ್ಪು ಹಂಚು, ಹಿಟ್ಟಿನ ಪರಾತ, ರೊಟ್ಟಿ ಒಟ್ಟುವ ಬಿದಿರಿನ ಬುಟ್ಟಿ. ಮಗ್ಗಿಯನ್ನು ನಾನು ಅವಳ ಬಡಿತಕ್ಕೆ ಹೊಂದಿಸಿಯೇ ಬಾಯಿಪಾಠ ಮಾಡಿದ್ದು. ರೊಟ್ಟಿ ಹಂಚಿನ ಮೇಲೆ ಬಿದ್ದಾಗ ಒಂದು ಮಗ್ಗಿ ಮುಗಿದಿರಬೇಕು, ಹೊರಳಿ ಉಬ್ಬಿದಾಗ ಇನ್ನೊಂದು. ಎಷ್ಟೋ ಸಲ ಪುಸ್ತಕ ಬಿಟ್ಟು ಪರಾತದ ಕಡೆ ಕೈ ಚಾಚಿದ್ದೇನೆ. ಅಷ್ಟು ಸಲವೂ ಒದ್ದೆ ಹಿಟ್ಟಿನ ಕೈಯಿಂದ ಒಂದು ಏಟು ಬಿದ್ದಿದೆ.

"ಹಿಟ್ಟಿಗೆ ಕೈ ಹಚ್ಚಬ್ಯಾಡ ಅಂದ್ರ ತಿಳಿಯಂಗಿಲ್ಲೇನು? ನೀ ಒಲಿ ಮುಂದ ಕೂಡಾಕಿ ಅಲ್ಲ, ನೌಕರಿ ಮಾಡಾಕಿ. ಓದು."

ಅವ್ವ ಮೊದಲಿನಿಂದಲೂ ಹೀಗಿರಲಿಲ್ಲ. ಅಪ್ಪ ಅರಳೆ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಒಂದು ಸಂಜೆ ಅವರು ಬರುವ ಹೊತ್ತಿಗೆ ಬಿಸಿ ರೊಟ್ಟಿಯಾಗಲೆಂದು ಅವ್ವ ಹಿಟ್ಟು ನಾದಿ ಕುಳಿತಿದ್ದಳು. ಬಂದದ್ದು ಜಿನ್ನಿನ ಆಳು. ಅಪ್ಪ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಆ ಹಿಟ್ಟನ್ನು ಯಾರೂ ಮುಟ್ಟಲಿಲ್ಲ. ಮರುದಿನ ಪರಾತದಲ್ಲಿ ಅದು ಬೇಸಿಗೆಯ ಕೆರೆಯಂತೆ ಒಡೆದು ಬಿದ್ದಿತ್ತು. ಅಪ್ಪನ ಸೋದರತ್ತೆ ಅದನ್ನು ನೋಡಿ ಒಂದು ಮಾತು ಆಡಿದಳು.

"ನಾದಿದ ಹಿಟ್ಟು ರಾತ್ರಿ ಉಳೀತು ಅಂದ್ರ ಉಣ್ಣಾವ್ರು ಒಬ್ಬರು ಕಡಿಮಿ ಆದ್ರು ಅಂತನ."

ಆಮೇಲೆ ನಮ್ಮ ಮನೆಯಲ್ಲಿ ದೀಪ ಹಚ್ಚುವ ಮೊದಲು ಪರಾತ ತೊಳೆಯಬೇಕಿತ್ತು. ಚಿಟಿಕೆಯಷ್ಟು ಹಿಟ್ಟು ಉಳಿದರೂ ಅವ್ವ ಓಣಿಯ ಎಮ್ಮೆಗೆ ಹಾಕಿ ಬರುತ್ತಿದ್ದಳು. ನನ್ನನ್ನು ಹೊಸ್ತಿಲಿನ ಈಚೆ ಕೂರಿಸಿದ್ದೂ ಆಮೇಲೆಯೇ. ಗಂಡ ಹೋದ ಹೆಂಗಸಿಗೆ ರೊಟ್ಟಿ ಬಡಿಯುವುದೊಂದೇ ವಿದ್ಯೆಯಾದರೆ ಅವಳು ಯಾರ ಯಾರ ಮನೆಯ ಒಲೆಯ ಮುಂದೆ ಕೂರಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಾಗಿತ್ತು.

ಅವಳ ಹಟ ಗೆದ್ದಿತು. ನಾನು ನರ್ಸಿಂಗ್ ಕಲಿತೆ. ಹಾಸ್ಟೆಲಿನ ಗಂಟೆಗೆ ಎದ್ದು, ವಾರ್ಡಿನ ಗಂಟೆಗೆ ಉಂಡು, ಹಾಸಿಗೆಯ ಮೂಲೆಗಳನ್ನು ಲಕೋಟೆಯಂತೆ ಮಡಿಚಿ, ಕೊನೆಗೆ ಒಂದು ದೊಡ್ಡ ಆಸ್ಪತ್ರೆಯ ಮೇಟ್ರನ್ ಆಗಿ ನಿವೃತ್ತಳಾದೆ. ಮದುವೆಯಾದ ಮನೆಯಲ್ಲಿ ಅತ್ತೆಯವರು ಗಟ್ಟಿಯಾಗಿದ್ದರು, ರೊಟ್ಟಿ ಅವರ ಕೈಯಲ್ಲೇ ಉಳಿಯಿತು. ನಾನು ಡ್ಯೂಟಿ ಮುಗಿಸಿ ಬಂದು ಬುಟ್ಟಿಯ ಬಟ್ಟೆ ಸರಿಸಿ ಉಣ್ಣುತ್ತಿದ್ದೆ. ಹೀಗಾಗಿ ರೊಟ್ಟಿಯ ನಾಡಿನ ಹೆಂಗಸಾದ ನನಗೆ ಅರವತ್ತು ಹತ್ತಿರವಾದರೂ ರೊಟ್ಟಿ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಅಲ್ಲಿಯ ತನಕ ಅನ್ನಿಸಿಯೂ ಇರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ, ಮೊಮ್ಮಗಳು ನಿಧಿ ಹುಟ್ಟಿದ್ದಾಳೆಂದು ನಾನು ಸಿಡ್ನಿಗೆ ಬಂದೆ. ಮಗ ಗಿರೀಶ, ಸೊಸೆ ವಿದ್ಯಾ ಆಗ ಗ್ರಾನ್‌ವಿಲ್‌ನಲ್ಲಿ ಒಂದು ಹಳೆಯ ಮನೆ ರೆಂಟಿಗೆ ಹಿಡಿದಿದ್ದರು. ಮುಂದೆ ಒಂದು ಸಣ್ಣ ಜಗಲಿ, ಹಿಂದೆ ಹುಲ್ಲಿನ ಅಂಗಳ, ನಡುವೆ ಕಾರ್ಪೆಟ್ಟಿನ ಕೋಣೆಗಳು. ಊರಿಗೆ ಮಾತಾಡಬೇಕಾದರೆ ಫೋನ್ ಕಾರ್ಡಿನ ನಂಬರು ಉಜ್ಜಿ ಒತ್ತುತ್ತಿದ್ದ ಕಾಲ. ಮೊದಲ ವಾರದಲ್ಲೇ ಆ ಮನೆಯನ್ನು ನಾನು ವಾರ್ಡಿನಂತೆ ಮಾಡಿಬಿಟ್ಟೆ. ಮಗುವಿನ ಸ್ನಾನಕ್ಕೆ, ನಿದ್ದೆಗೆ, ಊಟಕ್ಕೆ ವೇಳೆ ಗೊತ್ತಾಯಿತು. ಹಾಸಿಗೆಗಳ ಮೂಲೆಗಳು ಮಡಿಚಿಕೊಂಡವು. ವಿದ್ಯಾ ಬೆಂಗಳೂರಿನ ಹುಡುಗಿ, ನಗುಮುಖದವಳು, ಎಲ್ಲದಕ್ಕೂ ಹೂಂ ಅಂದಳು. ಅಡುಗೆ ಮಾತ್ರ ಅವಳದೇ ಆಗಿತ್ತು. ಆಫೀಸಿನಿಂದ ಬಂದವಳೇ ಅನ್ನಕ್ಕಿಟ್ಟು ಒಗ್ಗರಣೆ ಹಾಕಿದಳೆಂದರೆ ಗಿರೀಶ ವಾಸನೆ ಹಿಡಿದು ಒಳಗೆ ಬರುತ್ತಿದ್ದ. ನಾನು ಮೇಜಿನ ಬಳಿ ಕುಳಿತು ಅದನ್ನು ನೋಡುತ್ತಿದ್ದೆ. ಮತ್ತೆ ಹೊಸ್ತಿಲ ಮೇಲೆ ಕುಳಿತ ಹಾಗಾಗುತ್ತಿತ್ತು. ನಾನು ಮಾಡಿದ ಏನಾದರೊಂದನ್ನು ಈ ಮನೆಯಲ್ಲಿ ಯಾರಾದರೂ ಹೀಗೆ ಕಾಯಬೇಕು ಎಂಬ ಆಸೆ ಆ ವಯಸ್ಸಿನಲ್ಲಿ ನನಗೆ ಹುಟ್ಟಿತು. ಹೊಟ್ಟೆಯ ಹಸಿವಿನಷ್ಟೇ ಸ್ಪಷ್ಟವಾದ ಆಸೆ ಅದು.

ಅದಕ್ಕೇ ಇರಬೇಕು, ಒಂದು ಭಾನುವಾರ ವಿದ್ಯಾ ತನ್ನ ಸ್ನೇಹಿತರನ್ನು ಕರೆದು "ಅತ್ತೆ ಜೋಳದ ರೊಟ್ಟಿ ಮಾಡ್ತಾರೆ, ಒರಿಜಿನಲ್ಲು" ಎಂದಾಗ ನಾನು ಇಲ್ಲವೆನ್ನಲಿಲ್ಲ. ಅವ್ವನ ಕೈಯನ್ನು ಅಷ್ಟು ವರ್ಷ ನೋಡಿದ್ದೇನೆ, ಬಂದೇ ಬರುತ್ತದೆ ಅಂದುಕೊಂಡೆ. ಬಡಿತದ ಸದ್ದೇನೋ ಸರಿಯಾಗಿಯೇ ಬಂತು. ರೊಟ್ಟಿ ಬರಲಿಲ್ಲ. ಇಂಡಿಯನ್ ಅಂಗಡಿಯ ಹಳೆಯ ಜೋಳದ ಹಿಟ್ಟಿಗೆ ಜಿಗಿ ಇರಲಿಲ್ಲ, ನನ್ನ ಕೈಗೆ ಹದ ಇರಲಿಲ್ಲ. ಎತ್ತುವಾಗ ಒಂದು ತುಂಡು ಕೈಯಲ್ಲಿ, ಒಂದು ಕಲ್ಲಿನ ಮೇಲೆ. ದಾವಣಗೆರೆಯ ಹುಡುಗನೊಬ್ಬ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಆಂಟಿ, ಇದು ರೊಟ್ಟಿನೋ ಆಸ್ಟ್ರೇಲಿಯಾ ಮ್ಯಾಪೋ?"

"ಟ್ಯಾಸ್ಮೇನಿಯಾ ಒಲಿ ಮ್ಯಾಲ ಐತಿ, ಬರ್ತದ ತಡಿ" ಎಂದೆ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು ಎಲ್ಲ ಸಿದ್ಧ, ಜೊತೆಗೆ ಹಚ್ಚಿಕೊಳ್ಳಲು ಏನೂ ಇಲ್ಲ. ಆಗ ಹಿಂದಿನ ಬೇಲಿಯ ಮೇಲಿಂದ ಒಂದು ಕೈ ಬಂತು. ಕೈಯಲ್ಲಿ ಬಟ್ಟೆಯ ಗಂಟು, ಗಂಟಿನಿಂದ ಆವಿ. ಪಕ್ಕದ ಮನೆಯ ಹೆಂಗಸು ನಮ್ಮ ಕಿಟಕಿಯಿಂದ ಬಂದ ಹೊಗೆ ನೋಡಿ, ನಗು ಕೇಳಿ, ಸಂಗತಿ ಊಹಿಸಿದ್ದಳು. ಗಂಟಿನಲ್ಲಿ ಅಂಗೈಗಿಂತ ಅಗಲದ, ಗೋದಿಯ, ಚೆಂಡಿನಂತೆ ಉಬ್ಬಿ ಆಮೇಲೆ ಮೆಲ್ಲಗೆ ಕುಗ್ಗಿದ ರೊಟ್ಟಿಗಳ ಅಟ್ಟಿ. ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಪೀಟಾ ಬ್ರೆಡ್ ಎಂದು ಮಾರುವ, ರಟ್ಟಿನಂಥ ವಸ್ತುವನ್ನು ನಾನು ನೋಡಿದ್ದೆ. ಇದು ಅದೇ ಎಂದು ನಂಬಲಾಗಲಿಲ್ಲ. ಹರಿದರೆ ಒಳಗೆ ಎರಡು ಪದರ, ನಡುವೆ ಜೇಬು. ಮೆತ್ತಗೆ, ತುಸು ಹುಳಿ, ಅಲ್ಲಲ್ಲಿ ಸುಟ್ಟ ಚುಕ್ಕೆ, ಸೌದೆಯ ವಾಸನೆ. ಆ ಹುಡುಗ ಅದರಲ್ಲಿ ಎಣ್ಣೆಗಾಯಿ ತುಂಬಿಕೊಂಡು ಮೂರನೆಯದಕ್ಕೆ ಕೈ ಹಾಕಿದ. ನಾನು ಒಂದು ತುಂಡಿಗೆ ಚಟ್ನಿಪುಡಿ, ಎಣ್ಣೆ ಹಚ್ಚಿ ಬಾಯಿಗಿಟ್ಟೆ. ಮರುದಿನ ಬೆಳಿಗ್ಗೆ ತೊಳೆದ ಬಟ್ಟೆಯನ್ನು ಇಸ್ತ್ರಿ ಮಾಡಿ ಮಡಿಚಿಕೊಂಡು ಅವಳ ಬಾಗಿಲಿಗೆ ಹೋದೆ.

ಅವಳನ್ನು ಎಲ್ಲರೂ ಉಮ್ ಟೋನಿ ಎನ್ನುತ್ತಿದ್ದರು. ಹಾಗೆಂದರೆ ಟೋನಿಯ ತಾಯಿ. ಲೆಬನಾನಿನವರು ಹಿರಿಯ ಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುತ್ತಾರೆ. ನನ್ನ ವಯಸ್ಸಿನವಳೇ, ನನಗಿಂತ ದಪ್ಪ, ನನಗಿಂತ ಜೋರು. ನನ್ನ ಇಂಗ್ಲಿಷ್ ಆಸ್ಪತ್ರೆಯದು, ಅವಳದು ಸಂತೆಯದು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾನು ನರ್ಸ್ ಆಗಿದ್ದೆ ಎಂದು ತಿಳಿದ ಕ್ಷಣದಿಂದ ಅವಳಿಗೆ ನಾನು ಸಿಸ್ಟರ್. ಜೀವಮಾನವೆಲ್ಲ ಕೇಳಿದ ಆ ಕರೆ ಆ ಊರಿನಲ್ಲಿ ನನಗೆ ಮತ್ತೆ ಸಿಕ್ಕಿದ್ದು ಅವಳ ಬಾಯಿಂದ.

ಅವಳ ಹಿತ್ತಲಿನಲ್ಲಿ ಗಂಡ ಕಟ್ಟಿಕೊಟ್ಟ ಇಟ್ಟಿಗೆಯ ಗೂಡೊಲೆ ಇತ್ತು. ಬೆಳಿಗ್ಗೆ ಅದರೊಳಗೆ ಸೌದೆ ಉರಿಸಿ, ಕೆಂಡವನ್ನು ಒಂದು ಬದಿಗೆ ಎಳೆದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬರಿಯ ಇಟ್ಟಿಗೆಯ ಮೇಲೆ ರೊಟ್ಟಿ ಜಾರಿಸುವುದು. ಹಿಟ್ಟು ಬರಿ ಗೋದಿ, ನೀರು, ಉಪ್ಪು, ಜೊತೆಗೆ ಹಿಂದಿನ ಸಲದ ಹಿಟ್ಟಿನಿಂದ ತೆಗೆದಿಟ್ಟ ಒಂದು ಮುಷ್ಟಿ. ಆ ಹಳೆಯ ಮುಷ್ಟಿಯೇ ಹೊಸದನ್ನು ಉಬ್ಬಿಸುವುದು. ನಾನು ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟುಕೊಂಡು, ಎಷ್ಟು ಹೊತ್ತು ನಾದಬೇಕು ಎಂದೆ. ಅವಳು ತನ್ನ ಕಿವಿಯ ಹಾಲೆ ಹಿಡಿದು ತೋರಿಸಿದಳು, ಹಿಟ್ಟು ಇಷ್ಟು ಮೆತ್ತಗಾಗುವ ತನಕ. ನನ್ನ ಕಿವಿಯೋ ನಿನ್ನ ಕಿವಿಯೋ ಎಂದು ಕೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಕಿವಿ ಹಿಂಡಿ ನೋಡಿ, "ನನ್ನದು. ನಿನ್ನದು ಗಟ್ಟಿ" ಎಂದಳು.

ಉಂಡೆ ಮಾಡಿ ಮುಚ್ಚಿಟ್ಟು, ಲಟ್ಟಿಸಿ ಮತ್ತೆ ಬಟ್ಟೆಯ ಮೇಲೆ ಮಲಗಿಸಬೇಕು. ನನ್ನ ಕೈ ಲಟ್ಟಣಿಗೆಯನ್ನು ಬಿಟ್ಟು ತಾನಾಗಿ ಬಡಿಯಲು ಹೋಗುತ್ತಿತ್ತು.

"ಯಾಕೆ ಹೊಡೀತೀಯ ಅದನ್ನು? ಅದು ನಿನಗೇನು ಮಾಡಿತು?"

ಬಡಿದ ರೊಟ್ಟಿಯ ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗೂಡಿನಲ್ಲಿ ಅವಳವು ಎದ್ದು ನಿಂತರೆ ನನ್ನವು ಮಲಗಿಯೇ ಇರುತ್ತಿದ್ದವು. ನಾನು ಬಿಡಲಿಲ್ಲ. ಲಟ್ಟಿಸಿದ್ದನ್ನು ಮುಚ್ಚುವ ಬಟ್ಟೆ ಅವಳ ಹಿತ್ತಲ ಗಾಳಿಗೆ ಹಾರಿ ರೊಟ್ಟಿಯ ಮೇಲ್ಮೈ ಒಣಗುತ್ತದೆ, ಒಣಗಿದ್ದು ಗೂಡಿನಲ್ಲಿ ಬಿರುಕು ಬಿಟ್ಟು ಆವಿ ಸೋರುತ್ತದೆ ಎಂದು ಕಂಡುಕೊಂಡೆ. ರೊಟ್ಟಿಯ ಹಲಗೆಗೆ ಬಟ್ಟೆ ಹೊದಿಸಿ ನಾಲ್ಕು ಮೂಲೆಯನ್ನೂ ಆಸ್ಪತ್ರೆಯ ಹಾಸಿಗೆಯಂತೆ ಮಡಿಚಿ ಬಿಗಿದೆ. ಆ ದಿನ ನನ್ನದೊಂದು ಉಬ್ಬಿತು, ಅವಳವು ಒಂದೂ ತಪ್ಪದೆ ಉಬ್ಬಿದವು. ಮುಂದೆ ಬಂದು ಹೋದವರಿಗೆಲ್ಲ ಉಮ್ ಟೋನಿ ಆ ಮಡಿಕೆಯನ್ನು ತೋರಿಸಿ, ಇದು ನಮ್ಮ ಹಳ್ಳಿಯ ಪದ್ಧತಿ ಎನ್ನುತ್ತಿದ್ದಳು. ಅವಳ ಕಿವಿಯ ಅಳತೆಯನ್ನು ನಾನೂ ವಿದ್ಯಾಳಿಗೆ ನಮ್ಮ ಅವ್ವನದೆಂದೇ ಹೇಳಿದ್ದೆ.

ಹೀಗೆ ನನ್ನ ರೊಟ್ಟಿ ಶುರುವಾಯಿತು. ಬೆಳಿಗ್ಗೆ ಅದರ ಮೇಲೆ ಎಳ್ಳು, ಒಣಸೊಪ್ಪಿನ ಹುಳಿಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಸವರುವುದು ಅವರ ಕ್ರಮ. ನಮ್ಮ ಶೇಂಗಾಪುಡಿಗೆ ಕುಸುಬಿ ಎಣ್ಣೆ ಬಿಟ್ಟುಕೊಳ್ಳುವುದಕ್ಕೂ ಅದಕ್ಕೂ ಒಂದು ಓಣಿಯ ಅಂತರವಷ್ಟೇ. ಮಧ್ಯಾಹ್ನ ಬಟ್ಟೆಯಲ್ಲಿ ನೀರು ಬಸಿದ ಗಟ್ಟಿ ಮೊಸರು, ಸೌತೆಕಾಯಿ, ಪುದೀನ. ಸಂಜೆ ಅರೆದ ಕಡಲೆಕಾಳು. ಚಮಚ ಬೇಡ, ರೊಟ್ಟಿಯನ್ನೇ ಹರಿದು ದೋಣಿ ಮಾಡಿ ಎತ್ತುವುದು. ನಿಧಿಗೆ ಜೇಬು ಬೇಕು. ಬೆಳೆಯುತ್ತ ಅವಳು ಅದರೊಳಗೆ ಝುಣಕ ತುಂಬು, ಬಾಳೆಹಣ್ಣು ತುಂಬು ಎನ್ನುತ್ತಿದ್ದಳು, ಒಮ್ಮೆ ತನ್ನ ಪ್ಲಾಸ್ಟಿಕ್ ಕುದುರೆಯನ್ನೂ ತುಂಬಿದಳು. ಉಳಿದು ಒಣಗಿದ ರೊಟ್ಟಿಯನ್ನು ಉಮ್ ಟೋನಿ ಸುಟ್ಟು ಮುರಿದು ಸೊಪ್ಪು ಟೊಮೆಟೊಗಳ ಜೊತೆ ಕಲಸುತ್ತಿದ್ದಳು. ನಾನು ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ನಮ್ಮ ಕಡೆಯ ಮುಟಗಿ ಮಾಡಿಕೊಟ್ಟೆ. ಕಣ್ಣಲ್ಲಿ ನೀರು ತಂದುಕೊಂಡೇ ಅವಳು ಎರಡನೆಯ ಮುಟಗಿ ಕೇಳಿದಳು. ಗಿರೀಶ ಈಗ ಬಾಗಿಲು ತೆಗೆಯುವಾಗಲೇ ಕೇಳುತ್ತಿದ್ದ.

"ಅವ್ವಾ, ಇವತ್ತು ರೊಟ್ಟಿ ಐತೇನು?"

ಆ ಒಂದು ಪ್ರಶ್ನೆಗಾಗಿ ನಾನು ಬೆಳಿಗ್ಗೆ ಐದಕ್ಕೆ ಎದ್ದದ್ದು ವ್ಯರ್ಥವಲ್ಲ ಅನ್ನಿಸುತ್ತಿತ್ತು.

ತೊಡಕು ಆ ಹಳೆಯ ಮುಷ್ಟಿಯದು. ನಮ್ಮ ಮನೆಯಲ್ಲೂ ಹಿಟ್ಟು ಕಲಸುವುದು ಶುರುವಾದ ಮೇಲೆ ಉಮ್ ಟೋನಿ ಅದರಿಂದ ಒಂದು ಮುಷ್ಟಿಯನ್ನು ನನ್ನ ಸ್ಟೀಲ್ ಡಬ್ಬಿಗೆ ಹಾಕಿಕೊಟ್ಟಳು, ಇಟ್ಟುಕೋ, ನಾಳೆಗೆ ಎಂದು. ನಾನು ವಿಜ್ಞಾನ ಓದಿದವಳು. ಹೆಣಗಳನ್ನು ಒರೆಸಿ ಬಟ್ಟೆ ಸುತ್ತಿದವಳು. ಆದರೂ ದೀಪ ಹಚ್ಚುವ ಹೊತ್ತಾದಂತೆ ಆ ಡಬ್ಬಿ ಫ್ರಿಜ್ಜಿನೊಳಗಿದೆ ಎಂಬುದು ನನ್ನನ್ನು ಕೂರಗೊಡಲಿಲ್ಲ. ಪರಾತದಲ್ಲಿ ಒಡೆದು ಬಿದ್ದಿದ್ದ ಹಿಟ್ಟು ಕಣ್ಣಿಗೆ ಬಂತು. ಎಸೆಯಲು ಕೈ ಬರಲಿಲ್ಲ, ಇಟ್ಟುಕೊಳ್ಳಲು ಧೈರ್ಯ ಬರಲಿಲ್ಲ. ಬೇಲಿಯ ಬಳಿ ಹೋಗಿ, ಫ್ರಿಜ್ಜಿನಲ್ಲಿ ಜಾಗವಿಲ್ಲ ಎಂದು ಹಿಂದಿರುಗಿಸಿದೆ. ಮರುಸಂಜೆಯೂ ಅಷ್ಟೇ. ಒಂದು ದಿನ ಅವಳು ಹಾಲು ಕೇಳುವ ನೆವದಲ್ಲಿ ಒಳಗೆ ಬಂದು ನಮ್ಮ ಫ್ರಿಜ್ ತೆಗೆದಳು. ಒಂದು ಖಾನೆ ಪೂರ್ತಿ ಖಾಲಿ.

"ನನ್ನ ಹಿಟ್ಟು ಗಲೀಜಾ, ಸಿಸ್ಟರ್? ನಿನ್ನ ಮನೆಯಲ್ಲಿ ಒಂದು ರಾತ್ರಿ ಇರಲು ಅದಕ್ಕೆ ಯೋಗ್ಯತೆ ಇಲ್ಲವಾ?"

ಡಬ್ಬಿ ತೆಗೆದುಕೊಂಡು ಹೋದಳು. ಬೇಲಿ ಮೂಕವಾಯಿತು. ಗೂಡಿನ ಹೊಗೆ ಏಳುತ್ತಿತ್ತು, ಗಂಟು ಬರುತ್ತಿರಲಿಲ್ಲ. ಗಿರೀಶ ಕೇಳುವುದನ್ನು ನಿಲ್ಲಿಸಿದ. ವಿದ್ಯಾ ಒಂದು ದಿನ ಅನ್ನ ಬಡಿಸುತ್ತ ಹೇಳಿದಳು.

"ಅತ್ತೆ, ನೀವಿಬ್ರೂ ಹೆಡ್ಮಿಸ್ಟ್ರೆಸ್‌ಗಳು. ಯಾರಾದ್ರೂ ಒಬ್ರು ಸಾರಿ ಕೇಳ್ಬಿಡಿ, ಪ್ಲೀಸ್. ನನಗೂ ಆ ಬ್ರೆಡ್ ಬೇಕು."

ಹೋಗಿ ಹೇಳಿದೆ. ಕ್ಷಮೆಯ ಮಾತಲ್ಲ, ಅಪ್ಪನ ಸಂಜೆಯ ಮಾತು. ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಗಿರೀಶನಿಗೂ. ಉಮ್ ಟೋನಿ ಗೂಡಿನ ಮುಂದೆ ನಿಂತು ಪೂರ್ತಿ ಕೇಳಿದಳು. ಆಮೇಲೆ ತನ್ನ ನಿಂಬೆಗಿಡದ ಹತ್ತಿರ ಕರೆದುಕೊಂಡು ಹೋಗಿ ಒಂದು ಕೊಂಬೆ ತೋರಿಸಿದಳು. ಜನವರಿಯಲ್ಲಿ ಅವರದೊಂದು ಹಬ್ಬ. ಅಂದು ಹಿಟ್ಟಿನ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿ ಮರಕ್ಕೆ ತೂಗುಹಾಕುತ್ತಾರೆ. ರಾತ್ರಿ ಏಸು ಸ್ವಾಮಿ ಆ ದಾರಿಯಲ್ಲಿ ಹಾದುಹೋಗುವಾಗ ಹರಸುತ್ತಾನೆ, ಹಿಟ್ಟು ತಾನಾಗಿ ಉಬ್ಬುತ್ತದೆ. ವರ್ಷವಿಡೀ ಅದೇ ಮುಷ್ಟಿ.

"ನಿನ್ನ ತಾಯಿ ರಾತ್ರಿಗೆ ಹೆದರಿ ಎಸೆದಳು. ನನ್ನ ತಾಯಿಯೂ ರಾತ್ರಿಗೆ ಹೆದರಿಯೇ ಮರಕ್ಕೆ ಕಟ್ಟಿದಳು" ಎಂದಳು. ಕೊಂಬೆ ಬಿಟ್ಟು ಗೂಡಿನ ಕಡೆ ಹೊರಡುತ್ತ, "ಹೋಗಲಿ ಬಿಡು. ರಾತ್ರಿ ಅದು ನನ್ನ ಹತ್ತಿರ ಮಲಗಲಿ. ಬೆಳಗಾದ ಮೇಲೆ ನಿನ್ನದು. ಆದರೆ ಫ್ರಿಜ್ ವಿಷಯದಲ್ಲಿ ನೀನು ಸುಳ್ಳಿ."

ಅದೇ ನಮ್ಮ ಪದ್ಧತಿಯಾಯಿತು. ಸಂಜೆ ಡಬ್ಬಿ ಬೇಲಿ ದಾಟಿ ಹೋಗುವುದು, ಬೆಳಿಗ್ಗೆ ದಾಟಿ ಬರುವುದು. ನಿಧಿ ನಡೆಯಲು ಕಲಿತ ಮೇಲೆ ಡಬ್ಬಿ ಹೊರುವ ಕೆಲಸ ಅವಳದು. ಹಿಟ್ಟು ಆಂಟಿಯ ಮನೆಗೆ ನಿದ್ದೆ ಮಾಡಲು ಹೋಗುತ್ತದೆ ಎಂದು ಅವಳು ನಂಬಿದ್ದಳು. ಎಷ್ಟೋ ವರ್ಷ ಹೀಗೇ ನಡೆಯಿತು. ನಾನು ಒಳ್ಳೆಯ ರೊಟ್ಟಿಯ ಕೈಯವಳೆಂದು ಕನ್ನಡದವರಲ್ಲಿ ಹೆಸರಾದೆ. ಆ ಹೆಸರು ಅಂಟಿಕೊಂಡಿದ್ದು ಒಂದು ಬೇಲಿಗೆ ಎಂಬುದು ನನಗೂ ಉಮ್ ಟೋನಿಗೂ ಮಾತ್ರ ಗೊತ್ತಿತ್ತು.

ನಿಧಿ ಶಾಲೆಗೆ ಹೋಗತೊಡಗಿದ ಮೇಲೆ ಗಿರೀಶನಿಗೆ ಮೆಲ್ಬರ್ನಿಗೆ ಬದಲಿಯಾಯಿತು. ಟ್ರುಗನಿನಾದಲ್ಲಿ ಹೊಸ ಮನೆ, ಮಾರ್ಟ್‌ಗೇಜ್, ಎರಡು ಕಾರಿನ ಗ್ಯಾರೇಜು. ಎಲ್ಲರೂ ಖುಷಿಯಲ್ಲಿದ್ದರು. ಉಮ್ ಟೋನಿ ಒಂದೇ ಪ್ರಶ್ನೆ ಕೇಳಿದಳು.

"ಇನ್ನು ಅದು ರಾತ್ರಿ ಎಲ್ಲಿ ಮಲಗುತ್ತದೆ?"

"ಬೇಡ. ಅಲ್ಲಿ ಈಸ್ಟ್ ಪುಡಿ ಕೊಂಡುಕೊಳ್ಳುತ್ತೇನೆ" ಎಂದೆ.

ಹೊರಡುವ ದಿನ ಬೆಳಿಗ್ಗೆ ಉಮ್ ಟೋನಿ ಕಾರಿನ ಹಿಂದಿನ ಬಾಗಿಲು ತೆಗೆದು, ಬೆಲ್ಟು ಹಾಕಿಕೊಂಡು ಕುಳಿತಿದ್ದ ನಿಧಿಯ ತೊಡೆಯ ಮೇಲೆ ಬಟ್ಟೆ ಕಟ್ಟಿದ ಡಬ್ಬಿ ಇಟ್ಟಳು. ಬಟ್ಟೆಯ ಮೂಲೆಗಳು ಆಸ್ಪತ್ರೆಯ ಮಡಿಕೆಯಲ್ಲಿದ್ದವು.

"ಇದು ನಿಧಿಯದು, ಸಿಸ್ಟರ್. ನಿನ್ನದಲ್ಲ. ನಿನಗೆ ಎಸೆಯುವ ಅಧಿಕಾರವಿಲ್ಲ."

ನನ್ನನ್ನು ತಬ್ಬಿಕೊಂಡು, ಕಿವಿ ಹಿಂಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೇಸಿಗೆಯ ದಿನ. ಅರ್ಧ ದಾರಿ ದಾಟಿದ ಮೇಲೆ, ಆಲ್ಬರಿಯ ಹತ್ತಿರ, ಟಪ್ ಎಂದು ಸದ್ದಾಯಿತು. ಸೆಕೆಗೆ ಹಿಟ್ಟು ಹಿಗ್ಗಿ ಡಬ್ಬಿಯ ಮುಚ್ಚಳವನ್ನು ಹಾರಿಸಿ ನಿಧಿಯ ಲಂಗದ ಮೇಲೆಲ್ಲ ಹರಿದಿತ್ತು.

"ಅಜ್ಜಿ! ಇಟ್ ವೋಕ್ ಅಪ್!"

ಗಿರೀಶ ಗಾಡಿ ನಿಲ್ಲಿಸಿದ. ವಿದ್ಯಾ ನಗುತ್ತ ನಗುತ್ತ ಅತ್ತೇಬಿಟ್ಟಳು. ನಾನು ರಸ್ತೆಯ ಬದಿಯಲ್ಲಿ ಮೊಮ್ಮಗಳ ಲಂಗದಿಂದ ಹಿಟ್ಟು ಕೆರೆದೆ. ಅದು ಬೆಚ್ಚಗಿತ್ತು, ಬೆರಳು ಬಿಡುತ್ತಿರಲಿಲ್ಲ. ಎಲ್ಲವನ್ನೂ ಅಲ್ಲೇ ಹುಲ್ಲಿಗೆ ಒರೆಸಿ ಕೈತೊಳೆದುಕೊಳ್ಳಬಹುದಿತ್ತು. ಅದಕ್ಕಿಂತ ಸುಲಭದ ಅವಕಾಶ ಇರಲಿಲ್ಲ. ಒಂದು ಮುಷ್ಟಿಯಷ್ಟು ಡಬ್ಬಿಗೆ ಹಾಕಿ, ಮುಚ್ಚಳವನ್ನು ಸಡಿಲವಾಗಿಟ್ಟು, ಉಳಿದ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಟ್ರುಗನಿನಾದ ಮನೆಗೆ ಆಗಿನ್ನೂ ಬೇಲಿಯೇ ಬಂದಿರಲಿಲ್ಲ. ಪಕ್ಕದ ಸೈಟುಗಳು ಖಾಲಿ, ಆಚೆ ಗೋದಾಮುಗಳ ತಗಡಿನ ಚಾವಣಿ, ನಡುವೆ ಗಾಳಿ. ಡಬ್ಬಿಯನ್ನು ದಾಟಿಸಲು ಕೈಗಳೇ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅದನ್ನು ಅಡುಗೆಮನೆಯ ಕಲ್ಲಿನ ಮೇಲಿಟ್ಟು, ನೋಡದೆ ಹೋಗಿ ಮಲಗಿದೆ.

ಬೆಳಿಗ್ಗೆ ಐದಕ್ಕೆ ಎದ್ದೆ. ಮೊದಲು ಅಡುಗೆಮನೆಗೆ ಹೋಗಲಿಲ್ಲ. ರಾತ್ರಿಪಾಳಿ ಮುಗಿಸುವ ನರ್ಸಿನಂತೆ ರೌಂಡ್ಸಿಗೆ ಹೊರಟೆ. ಗಿರೀಶ, ವಿದ್ಯಾ ಮಲಗಿದ್ದ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ. ಅವನ ಗೊರಕೆ, ಅವಳು ಹೊರಳಿದ ಸದ್ದು. ನಿಧಿಯ ಕೋಣೆಗೆ ಹೋಗಿ ಹಾಸಿಗೆಯ ಪಕ್ಕ ನಿಂತು ಅವಳ ಹೊಟ್ಟೆ ಏರುವುದನ್ನು, ಇಳಿಯುವುದನ್ನು ನೋಡಿದೆ. ಉಣ್ಣುವವರು ಎಲ್ಲರೂ ಇದ್ದರು. ಆಮೇಲೆ ಡಬ್ಬಿ ತೆಗೆದೆ. ಅದೂ ಏರಿತ್ತು.

ಮನೆಯವರು ಏಳುವ ಹೊತ್ತಿಗೆ ಸರಿಯಾಗಿ ಫೋನು ಬಂತು. ಉಮ್ ಟೋನಿ ಹಿಟ್ಟಿನ ಮಾತೆತ್ತಲಿಲ್ಲ.

"ಎಲ್ಲರೂ ಎದ್ದರಾ, ಸಿಸ್ಟರ್?"

"ಏಳುತ್ತಿದ್ದಾರೆ" ಎಂದೆ.

"ಯಲ್ಲಾ, ನಡಿ ಹಾಗಾದರೆ, ಅವರ ಹೊಟ್ಟೆಗೆ ಹಾಕು" ಎಂದು ಫೋನಿಟ್ಟಳು.

ಗೂಡೊಲೆ ಇರಲಿಲ್ಲ. ಹೊಸ ಮನೆಯ ಓವನ್ನಿನಲ್ಲಿ ಕಬ್ಬಿಣದ ತವೆಯನ್ನು ಬೋರಲು ಹಾಕಿ ಕಾಯಲು ಬಿಟ್ಟು, ಹಿಟ್ಟು ಕಲಸಿ ನಾದಿದೆ. ಹಿಂದಿನಿಂದ ಒಂದು ಸಣ್ಣ ಕೈ ಬಂದು ಪರಾತದ ಅಂಚು ಹಿಡಿಯಿತು, ಆಮೇಲೆ ಹಿಟ್ಟಿನ ಕಡೆ ಚಾಚಿತು. ನನ್ನ ಒದ್ದೆ ಕೈ ತಾನಾಗಿ ಮೇಲೆ ಎದ್ದಿತು. ಅದರ ಬೆರಳುಗಳ ನಡುವೆ ಹಿಟ್ಟು ಅಂಟಿತ್ತು, ಅವ್ವನ ಕೈಯಲ್ಲಿ ಅಂಟಿರುತ್ತಿದ್ದ ಹಾಗೆಯೇ.

"ಅಜ್ಜಿ, ಕ್ಯಾನ್ ಐ?"

"ಕೈ ತೊಳಕೊಂಡು ಬಾ."

"ಐ ಡಿಡ್!"

"ಮೊಳಕೈ ತನಕ. ಸಾಬೂನು ಹಚ್ಚಿ. ಹೋಗು, ನಾ ಕಾಯ್ತೀನಿ."